ಹೂವುಗಳು ಕಣ್ಣು ಮುಚ್ಚಿದ ಬೆಳಗ್ಗೆ

ಮಾರ್ಚ್ ೧೭, ಮಂಗಳವಾರ

ಸಭೆಯಲ್ಲಿ ನೆರೆದ ಸಜ್ಜನರೇ, ಸುಮಪ್ರಿಯ ಸುಜನರೇ, ಹೂವು ಮೂಸುವವರೇ, ಮೂಗು ಮುರಿಯುವವರೇ! ತಮ್ಮೆಲ್ಲರ ಅಮೂಲ್ಯ ಸಮಯ ಹಾಳುಮಾಡಲು ಅಪ್ಪಣೆ ಬೇಡುತ್ತೇನೆ.

ಅಕ್ಕ, ಸಭೆ ಅಂದರೆ ನೀನೊಬ್ಬಳೇ. ನಮಸ್ಕಾರ. ನಿನ್ನ ಮೂರು ಪತ್ರಕ್ಕೆ ಉತ್ತರ ಬರೆಯದವನಿಗೆ ಇಷ್ಟಾದರೂ ಪೀಠಿಕೆಯಿಲ್ಲದೆ ಮುಖ ತೋರಿಸುವ ಧೈರ್ಯವಿಲ್ಲ, ಕ್ಷಮಿಸು. ಬರುವ ಭಾನುವಾರ ನಮ್ಮ ಚಿಕ್ಕೋನು ನಿನ್ನ ಮನೆಗೆ ಬರುತ್ತಾನೆ. ಎಡಗೈಗೆ ಬ್ಯಾಂಡೇಜು ಇರುತ್ತದೆ. ನೋಡಿ ಗಾಬರಿಯಾಗಬೇಡ ಎಂದು ಅವನಿಗಿಂತ ಮೊದಲು ಈ ಕಾಗದ.

ಹೂತೋಟ ಅಂದರೆ ಹೊರಗೆ ನೋಟ, ಒಳಗೆಲ್ಲ ಕಾಟ. ನಾನು, ಇವಳು, ಚಿಕ್ಕೋನು, ಅರ್ಧ ಎಕರೆ ಪ್ಲಾಸ್ಟಿಕ್ ಸೂರಿನ ಕೆಳಗೆ ಕಾರ್ನೇಷನ್. ಮೃದುವಾದ ಕೆಲಸ ಅಂದುಕೊಂಡಿದ್ದೆ. ಇದು ಕಟುಕನ ಕಸುಬು. ಒಂದು ಕಡ್ಡಿಗೆ ಒಂದೇ ಹೂವು ಬೇಕು; ಪಕ್ಕದ ಮೊಗ್ಗುಗಳನ್ನೆಲ್ಲ ಉಗುರಲ್ಲಿ ಚಿವುಟಿ ಕೊಲ್ಲಬೇಕು. ಉಳಿದದ್ದು ಅರ್ಧ ಬಿರಿಯುವಾಗಲೇ ಕತ್ತರಿಸಿ, ಬಕೆಟ್ ನೀರಲ್ಲಿ ನಿಲ್ಲಿಸಿ, ತಂಪುಕೋಣೆಗೆ ನೂಕಬೇಕು. ಚಿಕ್ಕೋನಿಗೆ ಚಿವುಟುವ ಕೈ ಬರಲೇ ಇಲ್ಲ. "ಇದೂ ಬದುಕ್ಲಿ ಬಿಡಣ್ಣ" ಅನ್ನುತ್ತಿದ್ದ. "ಅನಾಥಾಶ್ರಮ ನಡೆಸ್ತಿದೀಯೇನೋ?" ಎಂದು ಬೆನ್ನಿಗೆ ಗುದ್ದುತ್ತಿದ್ದೆ. ಮೊದಮೊದಲು ತಮಾಷೆಗೆ. ಆಮೇಲೆ ಅಳತೆ ತಪ್ಪಿತು. ಒಮ್ಮೆ ಬಕೆಟ್ ಎಸೆದೆ, ಅವನ ಹುಬ್ಬು ಒಡೆಯಿತು. "ಹೂವನ್ನ ಮುಟ್ಟೋ ಅಷ್ಟು ಮೆಲ್ಲಗೆ ಮನುಷ್ಯರನ್ನೂ ಮುಟ್ರೀ" ಎಂದು ಇವಳು ಕೂಗಿದಳು. ಅವಳ ಮೇಲೂ ಹಾರಾಡಿದೆ.

ಕಳೆದ ವಾರ ಮೊದಲ ದೊಡ್ಡ ಆರ್ಡರು, ಎರಡು ಸಾವಿರ ಕಡ್ಡಿ. ಹಿಂದಿನ ದಿನ ಚಿಕ್ಕೋನು ಎರಡು ಗೊನೆ ಬಾಳೆಹಣ್ಣು ತಂದು, "ಎಲ್ಲಿಡ್ಲಿ ಅಣ್ಣ?" ಅಂದ. "ಅಷ್ಟು ದೊಡ್ಡ ತಂಪುಕೋಣೆ ಕಣ್ಣಿಗೆ ಕಾಣಲ್ವೇನೋ?" ಅಂದವನು ನಾನು, ಪದವೀಧರ. ಹಣ್ಣು ಮಾಗುವಾಗ ಬಿಡುವ ಗಾಳಿ ಈ ಹೂವಿಗೆ ವಿಷವೆಂದು ಛಂದಸ್ಸು ಓದಿದವನಿಗೆ ಹೇಗೆ ಗೊತ್ತಾಗಬೇಕು? ಬೆಳಗ್ಗೆ ಬಾಗಿಲು ತೆಗೆದರೆ ಅಷ್ಟೂ ಹೂವು ಎಸಳು ಒಳಕ್ಕೆ ಸುರುಟಿ, ಕಣ್ಣು ಮುಚ್ಚಿ ನಿಂತಿದ್ದವು.

"ಏನ್ ಸಾರ್, ನಿಮ್ ಹೂವಿಗೆ ಇನ್ನೂ ಬೆಳಗಾಗಿಲ್ವಾ?" ಕೊಳ್ಳಲು ಬಂದ ದಲ್ಲಾಳಿ ನಕ್ಕ. ಗೊನೆ ನೋಡಿ, "ಇದನ್ನ ಒಳಗಿಟ್ಟ ಬುದ್ಧಿವಂತ ಯಾರು?" ಅಂದ. ನಾನು ಚಿಕ್ಕೋನ ಕಡೆ ಕೈ ತೋರಿಸಿದೆ.

"ನೀನೇ ಅಲ್ವೇನಣ್ಣ ಇಡು ಅಂದಿದ್ದು." ಮೆಲ್ಲಗೇ ಅಂದ. ದಲ್ಲಾಳಿ ಇನ್ನೊಮ್ಮೆ ನಕ್ಕು, ಖಾಲಿ ಗಾಡಿ ತಿರುಗಿಸಿದ.

ಗಾಡಿ ತಿರುವು ದಾಟುವವರೆಗೆ ಕಾದೆ. ಆಮೇಲೆ ಇವನ ಕುತ್ತಿಗೆ ಹಿಡಿದು ಬಕೆಟ್ಟುಗಳ ಮೇಲೆ ಕೆಡವಿದೆ. ಎದೆಯ ಮೇಲೆ ಕೂತು ಗುದ್ದಿದೆ. ಹಲ್ಲು ಅಲ್ಲಾಡಿತು, ಮೂಗು ಒಡೆಯಿತು, ನೆಲದ ನೀರು ಕೆಂಪಾಯಿತು. ಇವಳು ಹಿಂದಿನಿಂದ ನನ್ನ ಕೂದಲು ಹಿಡಿದು ಎಳೆಯುತ್ತಿದ್ದಳು. ನನ್ನ ಕೈಯಲ್ಲಿ ಹೂಗತ್ತರಿ ಇತ್ತು. ಎಳೆದಾಟದಲ್ಲಿ ಜಾರಿತು. ಅವನ ಎಡಗೈ ಕಿರುಬೆರಳು ಹೋಯಿತು.

"ಕಡ್ಡಿ ಕತ್ತರಿಸ್ತಿದ್ದೆ ಡಾಕ್ಟ್ರೇ, ಜಾರ್ತು" ಎಂದು ಅವನೇ ಹೇಳಿದ. ನಿನಗೂ ಅದನ್ನೇ ಹೇಳುತ್ತಾನೆ. "ಹದಿನೈದು ದಿನ ಅಕ್ಕನ ಮನೇಲಿದ್ದು ವಾಪಸ್ ಬರ್ತೀನಿ, ಎಲ್ಲಾ ಒಬ್ನೇ ಮಾಡ್ಬೇಡ" ಎಂದು ನನಗೆ ಸಮಾಧಾನ ಬೇರೆ.

ಅವನಿಗೆ ಅನ್ನ ಮೆತ್ತಗೆ ಕಲಸಿ ಕೊಡು, ಹಲ್ಲಿನ್ನೂ ಗಟ್ಟಿಯಾಗಿಲ್ಲ. ಭಾವನಿಗೆ ವಂದನೆ, ಮಕ್ಕಳು ನೂರು ಕಾಲ ನಗುತ್ತಿರಲಿ.

ಇಂತಿ,
ಪ್ರಾಸದ ಹುಚ್ಚಿನ ನಿನ್ನ ದೊಡ್ಡ ತಮ್ಮ

ಮರೆತ ಮಾತು: ಕತ್ತರಿ ಜಾರಲಿಲ್ಲ ಅಕ್ಕ. ಮುಖ ಮುಚ್ಚಿಕೊಳ್ಳಲು ಅವನು ಕೈ ಅಡ್ಡ ತಂದ. ಬೆರಳು ಅಲಗುಗಳ ನಡುವೆ ಬಂತು. ನೋಡಿದೆ. "ಅಣ್ಣಾ, ಬೆರಳು" ಅಂದ. ಕೇಳಿಸಿತು. ಒತ್ತಿದೆ. ಅವನು ಎಷ್ಟೇ ಹಟ ಮಾಡಲಿ, ನನ್ನ ಹತ್ತಿರ ವಾಪಸು ಕಳಿಸಬೇಡ.