ಅಕ್ಕ ಒಳಗೆ ಬರಲಿಲ್ಲ

೧೪ ಮಾರ್ಚ್ ೧೯೮೪, ಬುಧವಾರ, ಶಿರಾ

ಸರ್ಪಸುತ್ತು ಒಣಗಿದರೂ ಬೆನ್ನಿನ ನವೆ ಬಿಟ್ಟಿಲ್ಲ. ಸರ್ಪಸುತ್ತು ಎದ್ದಾಗ ಡಾಕ್ಟರು ಕಿಡ್ನಿ ಕಸಿಯ ಮಾತ್ರೆಯನ್ನು ಅರ್ಧಕ್ಕಿಳಿಸಿದ್ದರು. ಪೂರ್ತಿ ನುಂಗಿದರೆ ರೋಗ ಅಂಟುತ್ತದೆ, ಕಡಿಮೆಯಾದರೆ ಅಕ್ಕ ಕೊಟ್ಟ ಕಿಡ್ನಿಯನ್ನು ಮೈ ಒಲ್ಲೆನ್ನುತ್ತದೆ. ಮೂರು ವಾರ ಇದೇ ಹೆದರಿಕೆ. ಇವತ್ತು ರಕ್ತದ ರಿಪೋರ್ಟು ಬಂತು, ಕಿಡ್ನಿಗೆ ಏನೂ ಆಗಿಲ್ಲ.

ಅದನ್ನು ಕೇಳಲೆಂದೇ ಗೌಡಗೆರೆಯಿಂದ ಅಕ್ಕ ಬಂದಳು. ಬಾಗಿಲಿಗೂ ಬರದೆ ಬೇವಿನ ಮರದಡಿಯಿಂದಲೇ ಕೂಗಿದಳು.

"ಮೊಮ್ಮಗಳಿಗೆ ಅಮ್ಮ ಎದ್ದೈತೆ ಕಣ್ಲಾ, ಮೈತುಂಬ ಗುಳ್ಳೆ. ನಿಂಗೆ ಅಂಟಿಬುಟ್ರೆ ಕಷ್ಟ, ಅಲ್ಲೇ ಇರು. ನಂದು ಹೆಂಗೈತೆ?"

"ನಿಂಗಿಂತ ಗಟ್ಟಿಯಾಗೈತಕ್ಕ."

ನೀರನ್ನೂ ಕುಡಿಯದೆ, ನಗುತ್ತಾ ಬಸ್ಸಿಗೆ ಹೋದಳು.

ಕಣ್ಣೆಳೆಯುತ್ತಿದೆ. ಎಡಕ್ಕೆ ತಿರುಗಿ ಮಲಗಬೇಕು. ಬಲಗಡೆ ಅಕ್ಕನದು, ಒತ್ತಬಾರದು.