ಒಂದೇ ನಂಬರಿನ ಹದಿಮೂರು ಮಂದಿ

ಗದಗ, ಫೆಬ್ರವರಿ ೩೧, ೨೧೭೮

ಪೂಜ್ಯ ಚನ್ನವೀರಪ್ಪ ಮುತ್ತಜ್ಜನವರಿಗೆ ನಿಮ್ಮ ಏಳನೇ ತಲೆಮಾರಿನ ನೀಲಾಂಬಿಕೆಯ ಶರಣು ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆಯೆಂದು ಸರ್ಕಾರವೇ ಮೂರು ದಿನ ಹೆಚ್ಚು ಕೊಟ್ಟಿದೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕಾಲದವರು ಕ್ಲೌಡ್ ಎನ್ನುತ್ತಿದ್ದುದು ನಮಗೆ ಮುಗಿಲಪೆಟ್ಟಿಗೆ. ಅದರಲ್ಲಿ ಪ್ರತಿಯೊಬ್ಬರ ಮೈಜಾತಕ ಇರುತ್ತದೆ. ಅಂದರೆ ಏಳು ತಲೆಮಾರಿನ ಕೆಮ್ಮು, ನೆಗಡಿ, ಮೂಲವ್ಯಾಧಿಯೆಲ್ಲದರ ದಾಖಲೆ. ಮನೆಯವರು ಯಾರು ಬೇಕಾದರೂ ತೆರೆಯಬಹುದು. ನನ್ನ ಅತ್ತೆ ಗುರುಬಸವ್ವನವರು ಬೆಳಿಗ್ಗೆ ಚಹಾ ಕುಡಿಯುತ್ತ ನನ್ನದನ್ನು ಪೇಪರಿನಂತೆ ಓದುತ್ತಾರೆ. ನನಗೆ ಮಲಬದ್ಧತೆಯೆಂಬ ಸುದ್ದಿ, ನನ್ನ ಹೊಟ್ಟೆ ಸರಿಹೋಗುವ ಮೊದಲೇ ಓಣಿಯ ತುದಿ ಮುಟ್ಟಿತ್ತು.

ಹೀಗಾಗಿ ಆರು ತಿಂಗಳು ನಿದ್ದೆ ಬಾರದೆ, ಸುಮ್ಮಸುಮ್ಮನೆ ಅಳು ಬಂದರೂ ನಾನು ಡಾಕ್ಟರ ಬಳಿ ಹೋಗಲಿಲ್ಲ. ಹೆದರಿಕೆ, ಮುತ್ತಜ್ಜ. "ನಮ್ಮ ಸೊಸಿಗೆ ತಲಿ ಕೆಟ್ಟೈತ್ರೆವ್ವಾ" ಎಂದು ಅತ್ತೆ ಓಣಿಗೆಲ್ಲ ಸಾರಿದರೆ ಏನು ಮಾಡಲಿ?

ಅಂಥದರಲ್ಲಿ ಒಂದು ದಿನ ನನ್ನ ಜಾತಕದ ಮೊದಲ ಪುಟ ತೆರೆದೆ. ಅಲ್ಲಿ ನೀವಿದ್ದಿರಿ. ನಿಮಗೆ ಮೂರು ಹೆರಿಗೆಯಾಗಿವೆ. ಅರವತ್ತೆರಡನೇ ವಯಸ್ಸಿನಲ್ಲಿ ಹಾಲುಹಲ್ಲು ಬಿದ್ದಿವೆ, ಮರುವಾರ ಗರ್ಭಕೋಶ ತೆಗೆದಿದ್ದಾರೆ! ಅಮ್ಮನನ್ನು ಕೇಳಿದಾಗ ಕಥೆ ತಿಳಿಯಿತು. ಆಸ್ಪತ್ರೆಯ ಕೌಂಟರಿನಲ್ಲಿ ಒಬ್ಬೊಬ್ಬರ ಆರೋಗ್ಯ ಕಾರ್ಡಿನ ನಂಬರ್ ಕೇಳಿದಾಗ ನೀವು, "ನಂದೊಂದು ನಂಬರ್ ಐತಲ್ರಿ, ಮನ್ಯಾಗಿನ ಎಲ್ಲಾರ್ದೂ ಅದಕ್ಕ ಬರಕೊಳ್ರಿ" ಎಂದಿದ್ದಿರಂತೆ. ಹದಿಮೂರು ಜನರ ರೋಗ ಒಬ್ಬರ ತಲೆಗೆ. ಎಷ್ಟೋ ದಿನಗಳ ಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಕೆಳಗಿನ ಒಂದು ಸಾಲು ಕಂಡು ನಗು ನಿಂತಿತು. ಖಿನ್ನತೆಗೆ ಎಂಟು ತಿಂಗಳು ಮಾತ್ರೆ, ಗುಣವಾಗಿದೆ. ಹದಿಮೂರು ಮಂದಿಯಲ್ಲಿ ಯಾರು? ಮುತ್ತಜ್ಜಿಯೇ, ಸೊಸೆಯೇ, ನೀವೇ? ಮುಗಿಲಪೆಟ್ಟಿಗೆಗೂ ಗೊತ್ತಿಲ್ಲ. ಯಾರೋ ಒಬ್ಬರು ನಿಮ್ಮ ನಂಬರಿನ ಮರೆಯಲ್ಲಿ ನಿಂತು, ಯಾರ ಬಾಯಿಗೂ ಸಿಗದೆ ಗುಣವಾಗಿದ್ದಾರೆ. ಯಾರೆಂದು ನನಗೂ ಹೇಳಬೇಡಿ.

ಹೋದ ತಿಂಗಳು ನಾನೂ ಡಾಕ್ಟರ ಬಳಿ ಹೋದೆ. ಕೌಂಟರಿನ ಯಂತ್ರ ನಂಬರ್ ಕೇಳಿತು. ನಿಮ್ಮದನ್ನೇ ಹೇಳಿದೆ. ಮೂರು ಹೆತ್ತವರೆಂದು ಗೌರವದಿಂದಲೇ ಒಳಗೆ ಬಿಟ್ಟಿತು.

ಒಂದೇ ಬೇಡಿಕೆ. ಒಬ್ಬೊಬ್ಬರಿಗೆ ಒಂದೊಂದು ನಂಬರ್ ಬರೆಸಿ ಎಂದು ಯಾರಾದರೂ ಬಂದರೆ, ದಯವಿಟ್ಟು ಒಪ್ಪಬೇಡಿ. ಜಾತಕದ ಪ್ರಕಾರ ನಿಮಗೀಗ ಇನ್ನೂರ ಹದಿನೈದು ವರ್ಷ. ಊಟವಾದ ಮೇಲೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ನಿದ್ದೆ ಚೆನ್ನಾಗಿ ಬರುತ್ತಿದೆ.