ಮಲಗಿದ್ದವನ ಕಾಲು ಯಾಕೆ ಊದಿತು?

...ಕ್ಷಮಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಹಿಂದಿನ ರೆಕಾರ್ಡಿಂಗಿನಲ್ಲಿ ಸಿಟ್ಟು ನೆತ್ತಿಗೇರಿ ತಮ್ಮನ್ನು ಏಕವಚನದಲ್ಲಿ ಕರೆದುಬಿಟ್ಟೆ, ಅದನ್ನು ಅಳಿಸಿದ್ದೇನೆ. ಆಸ್ಪತ್ರೆಯ ಮುಖ್ಯಸ್ಥರೇ, ಈಗ ಮರ್ಯಾದೆಯಿಂದಲೇ ಹೇಳುತ್ತೇನೆ: ತಮ್ಮ ಆಸ್ಪತ್ರೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ನನ್ನ ಗೆಳೆಯ ಚಲಪತಿ ಹೋದ ವಾರ ಸತ್ತ. ಅದೇ ಮಾತು ಕೇಳಿಸಿಕೊಂಡ ನಾನು, ಪ್ಲಾಸ್ಟರ್ ಹಾಕಿದ ಎಡಗಾಲನ್ನು ದಿಂಬಿನ ಮೇಲಿಟ್ಟುಕೊಂಡು ಇದನ್ನು ಫೋನಿಗೆ ಹೇಳುತ್ತಿದ್ದೇನೆ. ಇವತ್ತು ಎದ್ದಾಗಿನಿಂದ ಮೀನಖಂಡ ಹಗ್ಗ ಬಿಗಿದಂತಿದೆ, ಮಂಡಿಯ ಮೇಲೂ ಊತ. ಬೆಂಗಳೂರಿಗೆ ಸ್ಕ್ಯಾನಿಂಗಿಗೆ ಹೋಗಲು ಕಾರಿಗೆ ಕಾಯುತ್ತಿದ್ದೇನೆ. ಅದು ಬರುವವರೆಗೆ ತಾವು ಕೇಳಿಸಿಕೊಳ್ಳಬೇಕು. ಮಗಳು ಅರ್ಪಿತ ಬರೆದುಕೊಂಡು ಪತ್ರಿಕೆಗೆ ಕಳಿಸುತ್ತಾಳೆ.

ನಾವಿಬ್ಬರೂ ದೊಡ್ಡಬಳ್ಳಾಪುರದ ಮಗ್ಗದವರು. ನೂಲು ಸುತ್ತಿದ ಭಾರದ ಉರುಳೆ, ಅದೇ ಬೀಮು, ಇಳಿಸುವಾಗ ಜಾರಿ, ಅವನ ಬಲಗಾಲನ್ನೂ ನನ್ನ ಎಡಗಾಲನ್ನೂ ಒಟ್ಟಿಗೇ ಮುರಿಯಿತು. ತಮ್ಮಲ್ಲಿ ಇಬ್ಬರಿಗೂ ಪ್ಲಾಸ್ಟರ್, ಇಬ್ಬರಿಗೂ ಒಂದೇ ಉಪದೇಶ: "ಕಂಪ್ಲೀಟ್ ರೆಸ್ಟ್. ಅಲ್ಲಾಡ್ಬೇಡಿ." ಆಹಾ, ಎಂಥ ಮಿತಭಾಷಿಗಳು! ಯಾವುದನ್ನು ಅಲ್ಲಾಡಿಸಬಾರದು, ಯಾವುದನ್ನು ಅಲ್ಲಾಡಿಸಲೇಬೇಕು ಎಂದು ಬಿಡಿಸಿ ಹೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ? ಮುರಿದದ್ದು ಒಂದು ಮೂಳೆ, ತಾವು ವಿಶ್ರಾಂತಿ ಕೊಟ್ಟದ್ದು ಇಡೀ ಮನುಷ್ಯನಿಗೆ. ಚಲಪತಿ ಮಂಚ ಬಿಟ್ಟು ಕದಲಲಿಲ್ಲ. ನನಗೆ ಮಾತಿನ ಚಟ; ವಾಕರ್ ಹಿಡಿದು ಜಗಲಿಗೆ ಬರುತ್ತಿದ್ದೆ. ಇಬ್ಬರೂ ತಪಾಸಣೆಗೆ ಹೋದಾಗ ತಮ್ಮ ವೈದ್ಯರು ಎಲ್ಲರೆದುರು ನನಗೆ ಛೀಮಾರಿ ಹಾಕಿದರು: "ನಿಮ್ ಫ್ರೆಂಡ್ ನೋಡಿ ಕಲೀರಿ. ಪೇಷೆಂಟ್ ಅಂದ್ರೆ ಹಿಂಗಿರ್ಬೇಕು." ಚಲಪತಿ ಮದುಮಗನ ಹಾಗೆ ನಾಚಿದ. ಆಟೋದಲ್ಲಿ ದಾರಿಯುದ್ದಕ್ಕೂ ಅದೇ ರೇಗಿಸಾಟ: "ನೋಡ್ದೇನ್ಲಾ, ನಾನ್ ಫಸ್ಟ್ ಕ್ಲಾಸು, ನೀನ್ ಫೇಲು."

ಆಮೇಲೆ ಅವನ ಕಾಲು ಊದಿತು. ಮಗ್ಗದ ಮನೆಯಲ್ಲಿ ಕಾಲು ಊದುವುದು ಸುದ್ದಿಯೇ ಅಲ್ಲ. ದಿನವೆಲ್ಲ ನಿಂತ ಕಾಲು ಸಂಜೆಗೆ ಊದುತ್ತದೆ, ಮಲಗಿದರೆ ಇಳಿಯುತ್ತದೆ. ಅವನ ಹೆಂಡತಿ ಅನುಸೂಯಮ್ಮ ಗಾಬರಿಯಾದರೆ ಅವನು ನಕ್ಕ: "ಮಗ್ಗದ ಕಾಲು ಕಣೇ, ಊದ್ದೆ ಇನ್ನೇನ್ ಮಾಡತ್ತೆ?" ನಾನೂ ನಕ್ಕೆ. ಆಕೆ ತಮ್ಮ ಆಸ್ಪತ್ರೆಗೆ ಫೋನ್ ಮಾಡಿದರೆ ಅಲ್ಲಿಂದಲೂ ಅದೇ ಉತ್ತರ: "ಮಗ್ಗದೋರಲ್ವೇನಮ್ಮಾ? ಊದತ್ತೆ. ಕೊಟ್ಟಿರೋ ಡೇಟಿಗೇ ಬನ್ನಿ." ವಾರಗಟ್ಟಲೆ ಮಲಗಿದ್ದವನ ಕಾಲು ನಿಂತವನ ಕಾಲಿನಂತೆ ಯಾಕೆ ಊದಿತು ಎಂದು ನಮಗೆ ಹೊಳೆಯಲಿಲ್ಲ. ಸರಿ, ನಾವು ಸೀರೆ ನೇಯುವವರು. ತಾವೇನು ನೇಯುತ್ತಿದ್ದಿರಿ?

ಹೋದ ವಾರ ಬಚ್ಚಲಿಗೆಂದು ಎದ್ದ ಚಲಪತಿ ಎದೆ ಹಿಡಿದುಕೊಂಡು, "ಉಸ್ರು ಸಿಕ್ತಿಲ್ಲ" ಅಂದ. ಬೆಂಗಳೂರಿಗೆ ಸಾಗಿಸಿದೆವು, ಉಳಿಯಲಿಲ್ಲ. ಅಲ್ಲಿನ ವೈದ್ಯರು ಸ್ಕ್ಯಾನ್ ತೋರಿಸಿ ವಿವರಿಸಿದರು: ಕಟ್ಟಿಹಾಕಿದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿದೆ. ತಮ್ಮವರ ವಿವರಣೆ ಇನ್ನೂ ಚುಟುಕು: "ಹಾರ್ಟ್ ಅಟ್ಯಾಕು. ಕಾಲಿಗೂ ಅದಕ್ಕೂ ಸಂಬಂಧ ಇಲ್ಲ." ಕಾಲೂ ಅವನದೇ, ಎದೆಯೂ ಅವನದೇ, ರಕ್ತವೂ ಒಂದೇ. ಇನ್ನೆಂಥ ಸಂಬಂಧ ಬೇಕಿತ್ತು ಸ್ವಾಮಿ?

ಓಡಾಡಿದ್ದಕ್ಕೆ ನಾನು ಉಳಿದೆ ಎಂಬ ಜಂಬ ನನಗಿಲ್ಲ. ನನ್ನ ಕಾಲೂ ಊದಿದೆ. ಬೆಳಿಗ್ಗೆ ತಮ್ಮಲ್ಲಿಗೆ ಫೋನ್ ಮಾಡಿದೆ. ಒಬ್ಬ ಸತ್ತ ಮೇಲೂ ಉತ್ತರದಲ್ಲಿ ಒಂದಕ್ಷರ ಬದಲಾಗಿಲ್ಲ: "ಡೇಟಿಗೇ ಬನ್ನಿ." ಕಾಲು ಕಟ್ಟಿ ಮನೆಗೆ ಕಳಿಸುವ ಮುಂಚೆ ಯಾರಿಗೆ ಅಪಾಯ ಹೆಚ್ಚೆಂದು ವಿಚಾರಿಸಿ, ಬೇಕಾದವರಿಗೆ ರಕ್ತ ಹೆಪ್ಪುಗಟ್ಟದಂತೆ ಮದ್ದು ಕೊಡಿ. ಏನನ್ನು ಎಷ್ಟು ಆಡಿಸಬಹುದೆಂದು ಬಾಯಿಬಿಟ್ಟು ಹೇಳಿ. ಊತ, ನೋವು, ಉಬ್ಬಸ ಎಂದು ಯಾರಾದರೂ ಫೋನ್ ಮಾಡಿದರೆ ತಾರೀಖು ಕೇಳಬೇಡಿ, ಈಗಲೇ ಬನ್ನಿ ಅನ್ನಿ. ಇನ್ನೊಂದು ಸಲ ಫೋನ್ ಮಾಡಬೇಕಿತ್ತು ಎಂದು ಅನುಸೂಯಮ್ಮ ತನ್ನನ್ನೇ ಬೈದುಕೊಂಡು ಕೂತಿದ್ದಾಳೆ. ಅವಳ ಮನೆಗೆ ಹೋಗಿ, ತಪ್ಪು ನಮ್ಮದಮ್ಮಾ ಎಂದು ಹೇಳಿ. ಕಾಗದದಲ್ಲಲ್ಲ, ಎದುರು ನಿಂತು...

"ರೀ, ಕಾರ್ ಬಂತು! ನೀವ್ ಏಳ್ಬೇಡಿ, ನಾವೇ ಎತ್ಕೋತೀವಿ."

ಬಂದೆ ಕಣೇ ವಾಣಿ, ಒಂದ್ನಿಮಿಷ. ಅರ್ಪಿತಾ, ಉತ್ತರ ಬಂದ್ರೆ ನನಗೋಸ್ಕರ ಕಾಯ್ಬೇಡ, ಅನುಸೂಯಮ್ಮಂಗೆ ಓದಿ ಹೇಳ್ಬಿಡು. ಸಹಿ ಹಿಂಗ್ ಹಾಕು:

ಇಂತಿ,
ಸದ್ಯಕ್ಕೆ ಉಸಿರಾಡುತ್ತಿರುವ
ರಾಜೇಂದ್ರ, ದೊಡ್ಡಬಳ್ಳಾಪುರ